ನಡೆಯುವ ಮೊದಲೇ ಬರೆದ ವರದಿ

ನಮ್ಮ ಕ್ಯಾಂಪಸ್ಸಿನ ವಾರದ ವಾರ್ತಾಪತ್ರವನ್ನು ಆರು ವರ್ಷ ನಾನೇ ಬರೆದೆ. ನಾಲ್ಕು ಪುಟದ ಪತ್ರ. ಮೊದಲ ಪುಟದಲ್ಲಿ ಆ ವಾರ ನಡೆದ ಕಾರ್ಯಕ್ರಮಗಳ ವರದಿ, ಒಳಗೆ ಯಾರಿಗೆ ಡಾಕ್ಟರೇಟ್ ಬಂತು, ಯಾರ ಮನೆಯಲ್ಲಿ ಮದುವೆ, ಯಾರು ವರ್ಗವಾಗಿ ಹೋದರು ಎಂಬ ಸಣ್ಣಪುಟ್ಟ ಸುದ್ದಿ, ಕೊನೆಯ ಪುಟದಲ್ಲಿ ‘ಮುಂಬರುವ ಕಾರ್ಯಕ್ರಮಗಳು’. ಬೋಧಕರಿಗೂ ಬೋಧಕೇತರ ಸಿಬ್ಬಂದಿಗೂ ಶನಿವಾರ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಅದು ಮೊಬೈಲಿಗೆ ಬರುತ್ತಿತ್ತು. ನಾಲ್ಕು ನೋಟಿಸ್ ಬೋರ್ಡುಗಳ ಮೇಲೂ ಅಂಟಿರುತ್ತಿತ್ತು. ಆರು ವರ್ಷದಲ್ಲಿ ಒಂದು ಶನಿವಾರವೂ ತಪ್ಪಲಿಲ್ಲ. ಆ ಹೆಮ್ಮೆ ನನಗೆ ಸ್ವಲ್ಪ ಜಾಸ್ತಿಯೇ ಇತ್ತು. ಮೀಟಿಂಗಿಗೆ ತಡವಾಗಿ ಬರುವ ಸಹೋದ್ಯೋಗಿಗಳನ್ನು ಕಂಡರೆ ಸಾಕು, ನಾಲಿಗೆ ತುರಿಸುತ್ತಿತ್ತು.

ಒಂದು ಸಲವೂ ತಪ್ಪದಿದ್ದುದಕ್ಕೆ ಕಾರಣ ನನ್ನ ಶಿಸ್ತಲ್ಲ, ಒಂದು ರೂಢಿ. ನಮ್ಮಲ್ಲಿ ಕಾರ್ಯಕ್ರಮಗಳೆಲ್ಲ ಶುಕ್ರವಾರ ಮಧ್ಯಾಹ್ನ ನಡೆಯುತ್ತವೆ. ಕುಶಾಲನಗರದ ನನ್ನ ಮನೆಗೆ ಹೋಗುವ ಬಸ್ಸು ಮೂರೂಮುಕ್ಕಾಲಿಗೆ. ಅದು ತಪ್ಪಿದರೆ ಆರರವರೆಗೆ ರಸ್ತೆ ಬದಿಯಲ್ಲಿ ನಿಲ್ಲಬೇಕು. ಶನಿವಾರ ನನಗೆ ತರಗತಿ ಇಲ್ಲ. ಹಾಗಾಗಿ ಶುಕ್ರವಾರದ ಕಾರ್ಯಕ್ರಮದ ವರದಿಯನ್ನು ನಾನು ಗುರುವಾರವೇ ಬರೆದಿಡುತ್ತಿದ್ದೆ. ಆಹ್ವಾನ ಪತ್ರಿಕೆಯನ್ನು ಎದುರಿಗಿಟ್ಟುಕೊಂಡು ‘ಉದ್ಘಾಟಿಸುವರು’ ಎಂದಿದ್ದಲ್ಲಿ ‘ಉದ್ಘಾಟಿಸಿದರು’ ಎಂದು ಬರೆದರೆ ಅರ್ಧ ಕೆಲಸ ಮುಗಿಯಿತು. ಅತಿಥಿಗಳು ಏನು ಹೇಳುತ್ತಾರೆ ಎಂಬುದು ಅವರು ಬಾಯಿ ತೆರೆಯುವ ಮೊದಲೇ ನಮಗೆಲ್ಲ ಗೊತ್ತಿರುತ್ತದೆ. ಯುವಜನರು ಮೊಬೈಲಿನಿಂದ ದೂರವಿರಬೇಕು, ಪರಿಸರ ಉಳಿಸಬೇಕು, ಕಾವೇರಿಯನ್ನು ಕಾಪಾಡಬೇಕು. ಈ ರೂಢಿ ನನ್ನೊಬ್ಬಳದೇ ಅಲ್ಲ. ನನಗಿಂತ ಮೊದಲು ಬರೆಯುತ್ತಿದ್ದವರೇ ಕಲಿಸಿಕೊಟ್ಟದ್ದು. ಪತ್ರಿಕೆಗಳಿಗೆ ಕಳಿಸುವ ಸುದ್ದಿಯೂ ಹಾಗೆಯೇ ಹೋಗುತ್ತಿತ್ತು.

ಒಮ್ಮೆ ತಿತಿಮತಿ ಹತ್ತಿರ ರಸ್ತೆಗೆ ಆನೆ ಬಂದು ಅತಿಥಿಗಳ ಕಾರು ಅಲ್ಲೇ ನಿಂತುಬಿಟ್ಟಿತು. ಕೊನೆಗೆ ಅವರು ಬರಲೇ ಇಲ್ಲ. ನನ್ನ ವರದಿಯಲ್ಲಿ ಅವರು ಅರ್ಥಪೂರ್ಣವಾಗಿ ಮಾತನಾಡಿ ನೆರೆದವರ ಮನಗೆದ್ದಿದ್ದರು. ಯಾರೂ ಆಕ್ಷೇಪಿಸಲಿಲ್ಲ. ಸ್ಟಾಫ್ ರೂಮಿನಲ್ಲಿ ವಾರವಿಡೀ ನಕ್ಕೆವು. ಆ ನಗುವಿನಲ್ಲಿ ನನ್ನದೇ ದೊಡ್ಡ ಗಂಟಲು.

ಆವತ್ತು ನಗದವರು ಅಕ್ಕ ಒಬ್ಬರೇ. ಅಕ್ಕ ಎಂದರೆ ನಮ್ಮ ಕಚೇರಿಯ ಅಟೆಂಡರ್. ಕ್ಯಾಂಪಸ್ಸಿನಲ್ಲಿ ಶೀಟು ಹೊದಿಸಿದ ಎರಡು ಕೋಣೆ ಮಾತ್ರ ಇದ್ದ ಕಾಲದಿಂದ ಅಲ್ಲಿದ್ದವರು. ನಿರ್ದೇಶಕರಿಂದ ಹಿಡಿದು ಕ್ಯಾಂಟೀನಿನವರವರೆಗೆ ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಮನೆಮಾತು ಅರೆಭಾಷೆ, ನಮ್ಮೊಡನೆ ಕನ್ನಡ, ಕ್ಯಾಂಟೀನಿನಲ್ಲಿ ಮಲಯಾಳ. ಶನಿವಾರ ಬೆಳಿಗ್ಗೆ ಕಚೇರಿಯ ಕಂಪ್ಯೂಟರಿನಿಂದ ನನ್ನ ವಾರ್ತಾಪತ್ರದ ಪ್ರಿಂಟ್ ತೆಗೆದು, ನಾಲ್ಕು ಬೋರ್ಡಿಗೂ ಅಂಟಿಸಿ, ಮೊಬೈಲಿನಲ್ಲಿ ಓದಲಾಗದ ವಾಚ್‌ಮನ್ ಮತ್ತು ತೋಟದ ಕೆಲಸದವರಿಗೆ ಒಂದೊಂದು ಪ್ರತಿ ಕೊಟ್ಟು ಬರುವುದು ಅವರ ಕೆಲಸ. ಅಂಟಿಸುವ ಮೊದಲು ಪೂರ್ತಿ ಓದುತ್ತಿದ್ದರು, ಬೆರಳಿಟ್ಟು, ನಿಧಾನವಾಗಿ. ನನ್ನ ಮೊದಲ ಓದುಗರು ಅವರೇ. ಆನೆಯ ದಿನದ ವರದಿಯನ್ನು ಓದಿದ ಮೇಲೆ, ಸೋಮವಾರ ನನ್ನ ಮೇಜಿನ ಹತ್ತಿರ ಬಂದರು.

“ಮೇಡಂ, ಆ ದೊಡ್ಡವರು ಬರ್ಲೇ ಇಲ್ಲ ಅಲ್ವಾ?”

“ಬರ್ಬೇಕಿತ್ತಲ್ಲ ಅಕ್ಕ. ಬರೆದಾಗಿತ್ತು.”

“ಹಾಗಾದ್ರೆ ಸರಿ,” ಎಂದು ಹೋದರು. ಅವರಿಗೆ ಅದು ಸರಿ ಎನಿಸಲಿಲ್ಲ ಎಂಬುದು ನನಗೆ ತಿಳಿಯಿತು. ತಿಳಿದೂ ನಾನು ಚಹಾಕ್ಕೆ ಎದ್ದುಹೋದೆ.

ಇಷ್ಟು ವರ್ಷ ಪತ್ರವನ್ನು ಹಂಚಿದ ಅಕ್ಕನ ಹೆಸರು ಅದರೊಳಗೆ ಒಮ್ಮೆಯೂ ಬಂದಿರಲಿಲ್ಲ. ಇದನ್ನು ನಾನು ಗಮನಿಸಿದ್ದು ಅವರು ನಿವೃತ್ತರಾಗುವ ತಿಂಗಳಿನಲ್ಲಿ. ಕಾಫಿ ಕೊಯ್ಲಿನ ಸಮಯ. ಸಿಬ್ಬಂದಿ ಸಂಘದ ವಾರ್ಷಿಕ ದಿನಕ್ಕೆ ಸನ್ಮಾನಿತರ ಪಟ್ಟಿ ಬಂತು. ನಾಲ್ವರು ಪ್ರಾಧ್ಯಾಪಕರ ಕೆಳಗೆ ಐದನೆಯದಾಗಿ ಅಕ್ಕನ ಹೆಸರನ್ನು ಯಾರೋ ಪೆನ್ನಿನಲ್ಲಿ ಸೇರಿಸಿದ್ದರು. ನನಗೆ ನಿಜವಾಗಿ ಖುಷಿಯಾಯಿತು. ‘ಮುಂಬರುವ ಕಾರ್ಯಕ್ರಮಗಳು’ ಪುಟದಲ್ಲಿ ಐದೂ ಹೆಸರನ್ನು ಒಂದೇ ಗಾತ್ರದ ಅಕ್ಷರದಲ್ಲಿ ಹಾಕಿದೆ.

ಆ ಶನಿವಾರ ಅಕ್ಕ ತಮಗಾಗಿ ಎರಡು ಪ್ರತಿ ಹೆಚ್ಚು ತೆಗೆದುಕೊಂಡರಂತೆ. ಸೋಮವಾರ ಬಂದು ನನ್ನನ್ನೇ ಅನುಮತಿ ಕೇಳಿದರು.

“ಎರಡು ಪ್ರಿಂಟ್ ಜಾಸ್ತಿ ತಗೊಂಡೆ ಮೇಡಂ. ಒಂದು ಮಗಳಿಗೆ.”

“ಹತ್ತು ತಗೊಳ್ಳಿ ಅಕ್ಕ. ಮಗಳು ಬರ್ತಾಳಾ ಶುಕ್ರವಾರ?”

“ಪಿಕ್ಕಿಂಗ್ ಅಲ್ವಾ, ಎಸ್ಟೇಟಿಂದ ಬಿಡೋದಿಲ್ಲ. ಅಳಿಯ ಅಲ್ಲಿ ಲೆಕ್ಕ ಬರೆಯೋ ರೈಟರ್ ಬೇರೆ, ಅವನಿಗೂ ಪುರುಸೊತ್ತಿಲ್ಲ. ಏನು ನಡೀತು ಅಂತ ನಿಮ್ಮ ಪೇಪರಲ್ಲಿ ಬರ್ತದಲ್ಲ, ಅದನ್ನೇ ಕಳಿಸು ಅಂದಿದ್ದಾಳೆ.” ಸ್ವಲ್ಪ ತಡೆದು ಕೇಳಿದರು, “ಮಾತಾಡ್ಬೇಕಾಗ್ತದಾ ಮೇಡಂ ಅಲ್ಲಿ?”

“ಎರಡು ಮಾತು. ಹೆದರಬೇಡಿ.”

ಗುರುವಾರ ಎಂದಿನಂತೆ ವರದಿ ಬರೆಯಲು ಕುಳಿತೆ. ಪ್ರಾಧ್ಯಾಪಕರ ವಿಷಯ ಹತ್ತು ನಿಮಿಷದಲ್ಲಿ ಮುಗಿಯಿತು. ಅಕ್ಕನ ವಿಷಯಕ್ಕೆ ಬಂದಾಗ ಮಾತ್ರ ಕೈ ನಿಧಾನವಾಯಿತು. ಚೆನ್ನಾಗಿ ಬರೆಯಬೇಕು ಎನಿಸಿತು. ಶಾಲು ಹೊದಿಸಿ, ಫಲತಾಂಬೂಲ ನೀಡಿ ಸನ್ಮಾನಿಸಲಾಯಿತು ಎಂದು ಬರೆದು ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ನಾನು ನಿಲ್ಲಿಸಲಿಲ್ಲ. ‘ಸನ್ಮಾನಕ್ಕೆ ಉತ್ತರಿಸಿದ ಅವರು, ಈ ಬಾಗಿಲುಗಳನ್ನು ಪ್ರತಿದಿನ ಬೆಳಿಗ್ಗೆ ತೆರೆದದ್ದೇ ನನ್ನ ಭಾಗ್ಯ, ಒಳಗೆ ಬಂದ ಮಕ್ಕಳೆಲ್ಲ ನನ್ನ ಮಕ್ಕಳೇ ಎಂದು ಕಣ್ತುಂಬಿ ನುಡಿದಾಗ ಸಭೆ ಎದ್ದುನಿಂತು ಕರತಾಡನ ಮಾಡಿತು’ ಎಂದು ಬರೆದೆ. ಓದಿಕೊಂಡೆ. ನನ್ನ ಕಣ್ಣೇ ಒದ್ದೆಯಾಯಿತು. ಸ್ವಂತ ಬರವಣಿಗೆಗೆ ಅಳುವಷ್ಟು ದೊಡ್ಡವಳಾಗಿದ್ದೆ ನಾನು. ಶನಿವಾರ ಹತ್ತಕ್ಕೆ ತಾನಾಗಿಯೇ ಹೋಗುವಂತೆ ಸಮಯ ಹೊಂದಿಸಿ, ಕಚೇರಿಯ ಕಂಪ್ಯೂಟರಿಗೂ ಕಳಿಸಿ ಎದ್ದೆ.

ಶುಕ್ರವಾರ ದೀಪ ಬೆಳಗುವವರೆಗೆ ಸಭಾಂಗಣದಲ್ಲಿದ್ದೆ. ಅಕ್ಕ ನೇರಳೆ ಬಣ್ಣದ ರೇಷ್ಮೆ ಸೀರೆಯನ್ನು ಕೊಡಗಿನ ಕ್ರಮದಲ್ಲಿ, ನೆರಿಗೆ ಹಿಂದಕ್ಕೆ ಬರುವಂತೆ ಉಟ್ಟಿದ್ದರು. ಮದುವೆ ಮನೆಗೆ ಹೊರಟವರ ಹಾಗೆ ಕಾಣುತ್ತಿದ್ದರು. ಆದರೆ ವೇದಿಕೆಯ ಪಕ್ಕದಲ್ಲಿ ಶಾಲುಗಳ ಹರಿವಾಣ ಹಿಡಿದು ನಿಂತವರೂ ಅವರೇ. ಪ್ರತಿ ಕಾರ್ಯಕ್ರಮದಲ್ಲೂ ಹರಿವಾಣ ಹಿಡಿಯುವುದು ಅವರ ಕೆಲಸ. ಆವತ್ತಿನ ಮಟ್ಟಿಗೆ ಬೇರೆಯವರಿಗೆ ಕೊಡೋಣ ಎಂದು ಯಾರಿಗೂ ಹೊಳೆದಿರಲಿಲ್ಲ. ನನಗೆ ಹೊಳೆಯಿತು. ‘ಹರಿವಾಣ ಯಾರಿಗಾದ್ರೂ ಕೊಟ್ಟು ಕೂತ್ಕೊಳ್ಳಿ ಅಕ್ಕ’ ಎನ್ನುವ ಮಾತು ಬಾಯಿಯವರೆಗೆ ಬಂತು. ಹಾಗೆಂದರೆ ಹಿಡಿಯಲು ಇನ್ನೊಬ್ಬರನ್ನು ಹುಡುಕಬೇಕು, ಹುಡುಕುತ್ತ ನಿಂತರೆ ಬಸ್ಸು ಹೋಗುತ್ತದೆ. “ಚೆನ್ನಾಗಿ ಕಾಣ್ತೀರಿ ಅಕ್ಕ,” ಎಂದಷ್ಟೇ ಹೇಳಿ ಹಿಂಬಾಗಿಲಿನಿಂದ ಹೊರಟೆ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟೇ ಸಿಕ್ಕಿತು.

ಶನಿವಾರ ಹತ್ತಕ್ಕೆ ಪತ್ರ ಹೋಯಿತು. ಗುಂಪಿನಲ್ಲಿ ಕೈಮುಗಿಯುವ ಚಿತ್ರಗಳು, ಹೂಗುಚ್ಛಗಳು ಸಾಲಾಗಿ ಬಂದವು. ‘ಅಕ್ಕನ ಮಾತು ಮನಮುಟ್ಟಿತು’ ಎಂದು ಇಬ್ಬರು ಬರೆದರು. ಆ ಇಬ್ಬರೂ ಸಭೆಯಲ್ಲಿ ಇರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಸೋಮವಾರ ಸ್ಟಾಫ್ ರೂಮಿನಲ್ಲಿ, ಆವತ್ತು ನಿರೂಪಣೆ ಮಾಡಿದ್ದ ಭೌತಶಾಸ್ತ್ರದ ಸಹೋದ್ಯೋಗಿ ನನ್ನನ್ನು ನೋಡಿ ನಕ್ಕರು.

“ಏನು ಮಾರಾಯ್ರೆ, ಆ ಆನೆ ಮತ್ತೊಮ್ಮೆ ರಸ್ತೆಗೆ ಬಂತಲ್ಲ!”

ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಅತಿಥಿಗಳಿಗೆ ಮಡಿಕೇರಿಯಲ್ಲಿ ಇನ್ನೊಂದು ಸಭೆಯಿತ್ತು, ಅವಸರ ಮಾಡಿದರು. ನಾಲ್ವರು ಪ್ರಾಧ್ಯಾಪಕರಿಗೆ ಶಾಲು ಹೊದಿಸಿದ್ದಾಯಿತು. ಐದನೆಯ ಹೆಸರು ಕರೆಯುವಷ್ಟರಲ್ಲಿ, ಮುಂದಿನ ಸಾಲಿನಲ್ಲಿ ಅತಿಥಿಗಳ ಹೆಂಡತಿಯೂ ಕುಳಿತಿರುವುದು ನಿರ್ದೇಶಕರಿಗೆ ಕಂಡಿತು. ಅವರಿಗೊಂದು ಗೌರವ ಮಾಡದಿದ್ದರೆ ಹೇಗೆ? ಹರಿವಾಣದಲ್ಲಿ ಒಂದು ಶಾಲು ಉಳಿದಿತ್ತು.

“ಅಕ್ಕನೇ ಹರಿವಾಣ ಮುಂದೆ ಮಾಡಿದ್ರು ಪಾಪ. ಶಾಲು ಸ್ವಲ್ಪ ಸಿಕ್ಕಿಕೊಂಡಿತ್ತು, ಬಿಡಿಸಿ ಕೊಟ್ರು ಕೂಡ. ಆಮೇಲೆ ವಂದನಾರ್ಪಣೆ, ರಾಷ್ಟ್ರಗೀತೆ, ಮುಗೀತು. ಅಕ್ಕ ಏನೂ ಅನ್ಕೊಂಡಿಲ್ಲ ಬಿಡಿ. ಎಲ್ಲರಿಗೂ ಕಾಫಿ ಕೊಟ್ಟೇ ಹೋದ್ರು.”

ಮೊದಲು ನನ್ನ ಕಣ್ಣ ಮುಂದೆ ಬಂದದ್ದು ಶುಕ್ರವಾರದ ಸಂಜೆಯಲ್ಲ, ಶನಿವಾರದ ಬೆಳಿಗ್ಗೆ. ಎಂದಿನಂತೆ ಬೀಗ ತೆಗೆದು, ಪ್ರಿಂಟ್ ತೆಗೆದು, ಬೆರಳಿಟ್ಟು ಓದಿರುತ್ತಾರೆ. ಹೊದಿಸದ ಶಾಲು, ಆಡದ ಮಾತು, ಬಾರದ ಕಣ್ಣೀರು, ಏಳದ ಸಭೆ. ಓದಿ ಮುಗಿಸಿ ಗೋಂದಿನ ಬಾಟಲಿ ಹಿಡಿದು ಹೋಗಿ, ನಾಲ್ಕು ಬೋರ್ಡಿಗೂ ತಮ್ಮ ಕೈಯಾರೆ ಅಂಟಿಸಿದ್ದಾರೆ. ಅದು ಅವರ ಕೆಲಸ.

ಆವತ್ತೇ ಹೋಗಿ ಕೈಹಿಡಿದು ತಪ್ಪಾಯಿತು ಎನ್ನಬೇಕಿತ್ತು. ನಾನು ಮಾಡಿದ್ದು ಬೇರೆ. ಕಚೇರಿಯ ಎದುರಿನಿಂದ ಹಾಯಬಾರದೆಂದು ಇಡೀ ದಿನ ಲೈಬ್ರರಿಯ ಹಿಂದಿನ ಮೆಟ್ಟಿಲು ಬಳಸಿದೆ. ತಿದ್ದುಪಡಿ ಹಾಕಿದರೆ ಆರು ವರ್ಷದ ವರದಿಗಳನ್ನೆಲ್ಲ ಜನ ಅನುಮಾನದಿಂದ ನೋಡುತ್ತಾರಲ್ಲ ಎನ್ನುವುದೇ ನನ್ನ ತಲೆಯಲ್ಲಿ ಓಡುತ್ತಿತ್ತು. ಅಕ್ಕನ ಮುಖಕ್ಕಿಂತ ನನ್ನ ಮುಖದ ಚಿಂತೆಯೇ ದೊಡ್ಡದಾಗಿತ್ತು. ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಮಂಗಳವಾರ ನಿರ್ದೇಶಕರ ಬಳಿ ಹೋದೆ. ಅವರು ಕೆಟ್ಟವರಲ್ಲ, ಕೆಲಸಗಳ ನಡುವೆ ಸಿಕ್ಕಿಬಿದ್ದವರು.

“ತಿದ್ದುಪಡಿ ಹಾಕಿದ್ರೆ ಆ ಶಾಲು ಯಾರಿಗೆ ಹೋಯ್ತು ಅನ್ನೋದೂ ಬರ್ತದೆ. ಅತಿಥಿಗಳಿಗೆ ಮುಜುಗರ. ಒಂದು ಕೆಲಸ ಮಾಡಿ. ನಾಳೆ ಅಕ್ಕನ್ನ ಹಾಲಿಗೆ ಕರೀರಿ, ಶಾಲು ಹೊದಿಸೋಣ, ಫೋಟೋ ತೆಗೆಯೋಣ. ಬ್ಯಾನರ್ ಇನ್ನೂ ತೆಗೆದಿಲ್ಲ ಅಲ್ವಾ? ನಿಮ್ಮ ವರದಿಯೂ ಸರಿಯಾಗ್ತದೆ, ಅವರಿಗೂ ಸಮಾಧಾನ.”

ಬೇಡ ಎನ್ನಲಿಲ್ಲ. ಎದೆಯ ಮೇಲಿನ ಭಾರ ಇಳಿದಂತಾಯಿತು. ಅಷ್ಟೇ ಅಲ್ಲ, ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ. ಅಕ್ಕನ ಹತ್ತಿರ ಹೋಗಿ, “ನಾಳೆ ಆ ನೇರಳೆ ಸೀರೆ ತಂದ್ಬಿಡಿ ಅಕ್ಕ. ಫೋಟೋ ಶುಕ್ರವಾರದ್ದೇ ಅನ್ನೋ ಹಾಗೆ ಇರ್ಲಿ,” ಎಂದೆ. ನನ್ನದೇ ಬಾಯಿ, ನನ್ನದೇ ಮಾತು. ತಪ್ಪಾಯಿತು ಎಂಬ ಒಂದು ಪದವನ್ನು ಮಾತ್ರ ಆ ಬಾಯಿ ಆಡಲಿಲ್ಲ.

ಅಕ್ಕ ನನ್ನನ್ನು ಒಂದು ಗಳಿಗೆ ನೋಡಿದರು. “ತರ್ತೇನೆ ಮೇಡಂ,” ಎಂದರು.

ಬುಧವಾರ ಪ್ಲಾಸ್ಟಿಕ್ ಕವರಿನಲ್ಲಿ ಸೀರೆ ತಂದು ಸ್ಟೋರ್ ರೂಮಿನಲ್ಲಿ ಉಟ್ಟುಕೊಂಡರು. ಹಿಂದೆ ನೆರಿಗೆ ಕೂರಿಸಲು ಒಬ್ಬರೇ ಒದ್ದಾಡುತ್ತಿದ್ದರು. ನಾನು ಸಹಾಯ ಮಾಡಲು ಹೋದೆ, ನನಗೆ ಆ ಕ್ರಮ ಬರುವುದಿಲ್ಲ. ಪಿನ್ನು ಹಿಡಿದುಕೊಂಡು ಸುಮ್ಮನೆ ನಿಂತೆ. ಖಾಲಿ ಕುರ್ಚಿಗಳ ಮುಂದೆ ನಿರ್ದೇಶಕರು ನಗುತ್ತ ಶಾಲು ಹೊದಿಸಿದರು. ಎರಡು ಫೋಟೋ ತೆಗೆದದ್ದಾಯಿತು. ನಿರ್ದೇಶಕರಿಗೆ ಫೋನ್ ಬಂತು, ಹೊರಟುಹೋದರು. ಅಕ್ಕ ಶಾಲು ತೆಗೆದು ಅಂಚಿಗೆ ಅಂಚು ಕೂಡಿಸಿ ಮಡಿಸಿ ಹರಿವಾಣದಲ್ಲಿಟ್ಟರು.

“ಅದು ನಿಮ್ಮದೇ ಅಕ್ಕ, ಮನೆಗೆ ತಗೊಂಡು ಹೋಗಿ.”

“ಹೌದಾ?” ಎಂದು ಕವರಿಗೆ ಹಾಕಿಕೊಂಡರು. ಅದು ತಮ್ಮದೆಂದು ಅವರಿಗೆ ತಿಳಿಯುವಂತೆ ನಾವು ಯಾರೂ ನಡೆದುಕೊಂಡಿರಲಿಲ್ಲ.

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಗುರುವಾರ ಪತ್ರ ಬರೆಯಲು ಕುಳಿತಾಗ ಮೊದಲ ಪುಟದ ಮೇಲ್ಗಡೆ ನಾಲ್ಕು ಸಾಲು ಬರೆದೆ. ಕಳೆದ ವಾರದ ವರದಿಯನ್ನು ಕಾರ್ಯಕ್ರಮಕ್ಕೆ ಮೊದಲೇ ಬರೆಯಲಾಗಿತ್ತು, ಅಂದು ಅಕ್ಕನಿಗೆ ಸನ್ಮಾನ ನಡೆಯಲಿಲ್ಲ, ಅವರು ಆಡಿದರೆಂದು ಅಚ್ಚಾದ ಮಾತು ನನ್ನ ಕಲ್ಪನೆ, ಅವರ ಕ್ಷಮೆ ಕೇಳುತ್ತೇನೆ. ಯಾರು ಏನು ಬೇಕಾದರೂ ಅಂದುಕೊಳ್ಳಲಿ ಎನಿಸಿತು. ಕಳಿಸುವ ಮೊದಲು ಅಕ್ಕನಿಗೆ ತೋರಿಸಬೇಕೆಂದು ಪ್ರಿಂಟ್ ತೆಗೆದು ಇಟ್ಟುಕೊಂಡೆ.

ಶುಕ್ರವಾರ ಅವರ ಕೊನೆಯ ದಿನ. ಮಧ್ಯಾಹ್ನ ಗೇಟಿನ ಹತ್ತಿರ, ಚೀಲ ಹಿಡಿದು, ಎಸ್ಟೇಟಿನಿಂದ ಅರ್ಧ ದಿನ ಬಿಡಿಸಿಕೊಂಡು ಬರಲಿದ್ದ ಮಗಳ ಜೀಪಿಗೆ ಕಾಯುತ್ತಿದ್ದರು. ನಾನು ಕಾಗದ ಕೊಟ್ಟೆ. ಬೆರಳಿಟ್ಟು ಓದಿದರು. ಇನ್ನೊಮ್ಮೆ ಓದಿದರು. ಮಡಿಸಿ ನನ್ನ ಕೈಗೇ ಕೊಟ್ಟರು.

“ಇದನ್ನ ಹಾಕ್ಬೇಡಿ ಮೇಡಂ.”

“ನಾನು ಸುಳ್ಳು ಬರೆದೆ ಅಕ್ಕ. ನನ್ನಿಂದ ತಪ್ಪಾಯ್ತು. ಎಲ್ಲರಿಗೂ ಗೊತ್ತಾಗ್ಲಿ.”

“ನಿಮ್ಮದಿರ್ಲಿ, ನನ್ನದು ಕೇಳಿ.” ಅವರ ಸ್ವರ ಏರಲಿಲ್ಲ. “ಶನಿವಾರ ನಿಮ್ಮ ಪೇಪರು ಮಗಳಿಗೆ ಯಾರೋ ಕಳಿಸಿದ್ರು. ಫೋನ್ ಮಾಡಿ ಅತ್ತಳು. ನಾನು ಹಾಗೇನೂ ಆಗ್ಲಿಲ್ಲ ಮಗಾ ಅಂದೆ. ಅವಳು, ಪೇಪರಲ್ಲಿ ಬಂದದ್ದನ್ನೂ ಇಲ್ಲ ಅಂತೀಯಲ್ಲ, ನಿಂಗೆ ಯಾವಾಗಲೂ ನಾಚಿಕೆ ಅಂದ್ಲು. ಎಸ್ಟೇಟಲ್ಲಿ ಎಲ್ಲರಿಗೂ ಓದಿ ಹೇಳಿದ್ದಾಳೆ. ಕೊನೆಗೆ ನಾನೂ ಹೌದು ಅಂದುಬಿಟ್ಟೆ. ಈಗ ನೀವು ಇಲ್ಲ ಅಂತ ಬರೆದ್ರೆ ಸುಳ್ಳು ಹೇಳಿದ್ದು ನಾನಾಗ್ತೇನೆ.”

ಸುಳ್ಳು ನನ್ನದು, ಆದರೆ ಅದನ್ನು ಹೊತ್ತುಕೊಂಡು ಮನೆಗೆ ಹೊರಟವರು ಅವರು. ತಪ್ಪೊಪ್ಪಿಕೊಂಡು ನಾನು ಹಗುರಾದರೆ ಅವರ ಹೊರೆ ಇನ್ನಷ್ಟು ಜಾಸ್ತಿಯಾಗುತ್ತದೆ. ಕಾಗದವನ್ನು ನಾಲ್ಕಾಗಿ ಮಡಿಸಿ ಬ್ಯಾಗಿನೊಳಗೆ ಹಾಕಿದೆ.

ಜೀಪು ಬಂತು. ಅಳಿಯ ಸ್ಟಿಯರಿಂಗಿನಲ್ಲಿದ್ದ. ಮಗಳು ಇಳಿದು ಬಂದಳು. ಅಕ್ಕನದೇ ಮುಖ, ಮಾತು ಮಾತ್ರ ಧಾರಾಳ. ಅಕ್ಕ ನನ್ನನ್ನು ತೋರಿಸಿ, ಪೇಪರ್ ಬರೆಯೋ ಮೇಡಂ ಇವರೇ ಎಂದರು. ಮಗಳು ನನ್ನ ಎರಡೂ ಕೈ ಹಿಡಿದುಕೊಂಡಳು.

“ಎಷ್ಟು ಚೆನ್ನಾಗಿ ಬರೆದಿದ್ದೀರಿ ಮೇಡಂ. ನಾನು ಅಮ್ಮನಿಗೆ ನಾಲ್ಕು ಸಾಲು ಬರೆದುಕೊಟ್ಟಿದ್ದೆ, ಓದು ಅಂತ. ಅದನ್ನ ಓದಿಲ್ಲ ನೋಡಿ. ಬಾಗಿಲು ತೆರೆದದ್ದೇ ನನ್ನ ಭಾಗ್ಯ ಅಂತ ಸ್ವಂತ ಮಾತು ಆಡಿದ್ದಾರೆ. ಇವರ ಬಾಯಲ್ಲಿ ಇಂಥ ಮಾತು ಉಂಟು ಅಂತ ಇಷ್ಟು ವರ್ಷ ನಮಗೇ ಗೊತ್ತಿರ್ಲಿಲ್ಲ. ಮನೇಲಿ ಕೇಳಿದ್ರೆ ಏನೂ ಹೇಳೋದಿಲ್ಲ. ನೀವು ಅಲ್ಲೇ ಇದ್ರಲ್ಲ, ಹೇಳಿ ಮೇಡಂ, ಹೇಗೆ ಮಾತಾಡಿದ್ರು?”

ಅಕ್ಕ ಜೀಪಿನ ಬಾಗಿಲು ಹಿಡಿದು ನಿಂತಿದ್ದರು. ಆ ಸಭೆಯ ಹೊತ್ತಿಗೆ ನಾನು ಬಸ್ಸಿನ ಕಿಟಕಿ ಪಕ್ಕ ಕುಳಿತಿದ್ದೆ ಎಂಬುದು ಅವರಿಗೆ ಗೊತ್ತಿತ್ತು. ನಾನು ಏನು ಹೇಳುತ್ತೇನೋ ಎಂದು ಅವರೂ ಕಾಯುತ್ತಿದ್ದರು.

“ಚೆನ್ನಾಗಿ ಮಾತಾಡಿದ್ರು,” ಎಂದೆ. “ಮೊದಲು ಸ್ವಲ್ಪ ಸ್ವರ ನಡುಗ್ತು. ಆಮೇಲೆ ಸರಾಗವಾಗಿ ಬಂತು.”

“ಎಲ್ಲರೂ ಎದ್ದುನಿಂತ್ರಾ?”

“ಎದ್ದುನಿಂತ್ರು. ಹಿಂದಿನ ಸಾಲಿನವರೂ ಎದ್ರು.”

ಒಂದಾದ ಮೇಲೊಂದು ಮಾತು ತಡವರಿಸದೆ ಬರುತ್ತಿತ್ತು, ಗುರುವಾರ ಬರೆಯುವಾಗ ಬರುತ್ತಿದ್ದ ಹಾಗೆಯೇ. ಮಗಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಭೂಮಿ ಬಾಯ್ಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು. ಆದರೂ ಮಾತು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಅಕ್ಕ ಸಿಕ್ಕಿಬೀಳುತ್ತಿದ್ದರು.

“ಸಾಕು ಮೇಡಂ,” ಎಂದರು ಅಕ್ಕ, ಬಹಳ ಮೆಲ್ಲಗೆ. ನಾನು ನಿಲ್ಲಿಸಿದೆ. ಅವರು ಜೀಪು ಹತ್ತಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡರು. ಮಗಳು ನನಗೆ ಕೈಬೀಸಿದಳು. ಅಕ್ಕ ನನ್ನತ್ತ ತಿರುಗಿ ನೋಡಲಿಲ್ಲ.